ಕಂಬಕ್ಕೆ ಕಟ್ಟಿದ ಹಳದಿ ಕಾಗದ

ಕೇಳುಗರಿಗೆ ನಮಸ್ಕಾರ.

ಇಂಗ್ಲೆಂಡಿನ ನೈಋತ್ಯ ಮೂಲೆಯಲ್ಲಿ ಡೆವನ್ ಅಂತ ಒಂದು ಕೌಂಟಿ ಇದೆ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಅಲ್ಲಿ ಬಹಳ ಕಡೆ ಮಣ್ಣು ಕೆಂಪು. ಹಳೆಯ ಮನೆಗಳ ಗೋಡೆಯೂ ಮಣ್ಣಿನದೇ. ಮಣ್ಣಿಗೆ ಹುಲ್ಲು ಬೆರೆಸಿ, ಚೆನ್ನಾಗಿ ತುಳಿದು, ವರಸೆ ಮೇಲೆ ವರಸೆ ಏರಿಸಿದ ದಪ್ಪ ಗೋಡೆ. ಅದಕ್ಕೆ ಕಾಬ್ ಅನ್ನುತ್ತಾರೆ. ಮೊದಲ ಸಲ ಆ ಗೋಡೆಗೆ ಕೈ ಇಟ್ಟಾಗ ನನಗೆ ಅಜ್ಜಿಯ ಮನೆ ನೆನಪಾಯಿತು. ಆ ಕಡೆಯ ಒಂದು ಹಳ್ಳಿಯಲ್ಲಿ ನಾನು ಕೆಲವು ವರ್ಷ ಬಾಡಿಗೆಗೆ ಇದ್ದೆ. ಆಗ ಅಲ್ಲಿ ಎಂಟು ಮನೆ ಕಟ್ಟಲು ಅನುಮತಿ ಕೇಳಿದ್ದರು. ಆ ಕಥೆ ಹೇಳುತ್ತೇನೆ.

ಒಂದು ದಿನ ಬೆಳಿಗ್ಗೆ ಓಣಿಯ ತಿರುವಿನಲ್ಲಿದ್ದ ಕಂಬಕ್ಕೆ ಒಂದು ಹಳದಿ ಕಾಗದ ಕಟ್ಟಿತ್ತು. ಮಳೆಗೆ ನೆನೆಯದ ಹಾಗೆ ಪ್ಲಾಸ್ಟಿಕ್ ಹೊದಿಕೆ. ಊರಂಚಿನ ಹೊಲದಲ್ಲಿ ಎಂಟು ಮನೆ ಕಟ್ಟಲು ಅರ್ಜಿ ಬಂದಿದೆ, ಅಭಿಪ್ರಾಯ ಹೇಳುವವರಿಗೆ 21 ದಿನ ಸಮಯ ಇದೆ ಅಂತ ಅದರಲ್ಲಿತ್ತು. ಸಂಜೆ ಹೊತ್ತಿಗೆ ಅಂಗಡಿಯಲ್ಲೂ ಪಬ್ಬಿನಲ್ಲೂ ಅದೇ ಮಾತು.

ಹೊಲ ಅವನದು, ಅವನು ಕಟ್ಟಿಕೊಂಡರೆ ಊರವರಿಗೇನು ಅಂತ ನಿಮಗೆ ಅನಿಸಬಹುದು. ನನಗೂ ಮೊದಲು ಹಾಗೇ ಅನಿಸಿತ್ತು. ಆದರೆ ಅಲ್ಲಿ 1947ರಲ್ಲಿ ಒಂದು ಕಾನೂನು ಬಂತು. 1948ರ ಜುಲೈ 1ರಂದು ಜಾರಿಯಾಯಿತು. ಅವತ್ತಿನಿಂದ ಜಮೀನು ನಿನ್ನದೇ, ಆದರೆ ಅದರ ಮೇಲೆ ಹೊಸದಾಗಿ ಕಟ್ಟುವ ಹಕ್ಕು ಸರ್ಕಾರದ್ದು. ಕೇಳಿಯೇ ಪಡೆಯಬೇಕು. ಸಣ್ಣಪುಟ್ಟದಕ್ಕೆ ವಿನಾಯಿತಿ ಇದೆ. ಬಿಡಿಯಾಗಿ ನಿಂತ ಮನೆಯ ಹಿಂದೆ ನಾಲ್ಕು ಮೀಟರ್‌ವರೆಗೆ, ಅಂಟಿಕೊಂಡ ಮನೆಯಾದರೆ ಮೂರು ಮೀಟರ್‌ವರೆಗೆ, ಒಂದಂತಸ್ತಿನ ಕೋಣೆ ಸೇರಿಸಲು ಸಾಮಾನ್ಯವಾಗಿ ಯಾರನ್ನೂ ಕೇಳಬೇಕಿಲ್ಲ. ಆದರೆ ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಿದ ಮನೆಯಾದರೆ ಹಳೆಯ ಕಿಟಕಿ ತೆಗೆದು ಹೊಸದು ಹಾಕಲೂ ಒಪ್ಪಿಗೆ ಬೇಕು.

ಕೇಳದೆ ಕಟ್ಟಿದವರೂ ಇದ್ದಾರೆ. ಸರ್ರೆ ಕೌಂಟಿಯಲ್ಲಿ ಒಬ್ಬ ರೈತ ಹುಲ್ಲಿನ ಪೆಂಡಿಗಳನ್ನು ಎತ್ತರಕ್ಕೆ ಒಟ್ಟಿ, ಅದರ ಹಿಂದೆ ಗುಟ್ಟಾಗಿ ಕೋಟೆಯಂಥ ಮನೆ ಕಟ್ಟಿದ. ನಾಲ್ಕು ವರ್ಷ ಯಾರೂ ಆಕ್ಷೇಪ ಎತ್ತದಿದ್ದರೆ ಮನೆ ಉಳಿಯುತ್ತದೆ ಅಂತ ಆಗ ನಿಯಮ ಇತ್ತು. 2006ರಲ್ಲಿ ಪೆಂಡಿ ತೆಗೆದ. ಕೋರ್ಟು ಒಪ್ಪಲಿಲ್ಲ. ಮುಚ್ಚಿಟ್ಟ ದಿನಗಳು ಲೆಕ್ಕಕ್ಕಿಲ್ಲ ಅಂದಿತು. ವರ್ಷಗಟ್ಟಲೆ ಕೇಸು ನಡೆದು 2016ರಲ್ಲಿ ಮನೆ ನೆಲಸಮವಾಯಿತು.

ಇನ್ನು ದುಡ್ಡಿನ ಮಾತು. ಡಿಸಿ ಕನ್ವರ್ಷನ್ ಆದ ಜಮೀನಿಗೂ ಆಗದ ಜಮೀನಿಗೂ ಬೆಲೆಯಲ್ಲಿ ಎಷ್ಟು ವ್ಯತ್ಯಾಸ ಅಂತ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅಲ್ಲಿಯೂ ಅದೇ, ಇನ್ನೂ ಜಾಸ್ತಿ. ಉಳುವ ಹೊಲ ಎಕರೆಗೆ ಸುಮಾರು 10,000 ಪೌಂಡ್. ಅದೇ ಹೊಲಕ್ಕೆ ಮನೆ ಕಟ್ಟುವ ಅನುಮತಿ ಸಿಕ್ಕರೆ ಬೆಲೆ ಹತ್ತಾರು ಪಟ್ಟು ಏರುತ್ತದೆ. ಮಾಲೀಕ ಒಂದು ಬುಟ್ಟಿ ಮಣ್ಣು ಎತ್ತಿರುವುದಿಲ್ಲ. ಬೆಲೆ ಏರಿಸಿದ್ದು ಒಂದು ಸಹಿ. ಹಾಗಾದರೆ ಆ ಏರಿದ ದುಡ್ಡು ಯಾರದು? 1947ರ ಕಾನೂನು ಇದಕ್ಕೆ ನೇರವಾಗಿ ಉತ್ತರ ಕೊಟ್ಟಿತ್ತು. ಪೂರ್ತಿ ಜನರದು, ನೂರಕ್ಕೆ ನೂರು ಶುಲ್ಕ ಕಟ್ಟು ಅಂದಿತ್ತು. ಜನ ಜಮೀನು ಮಾರುವುದನ್ನೇ ನಿಲ್ಲಿಸಿದರು. 1951ರಲ್ಲಿ ಸರ್ಕಾರ ಬದಲಾಯಿತು, 1953ರಲ್ಲಿ ಆ ಶುಲ್ಕ ರದ್ದಾಯಿತು. ಅನುಮತಿ ಕೇಳುವ ನಿಯಮ ಉಳಿಯಿತು, ಶುಲ್ಕ ಹೋಯಿತು. ಇವತ್ತಿಗೂ ಇಂಗ್ಲೆಂಡಿನ ಹಳ್ಳಿಗಳಲ್ಲಿ ಮನೆ ದುಬಾರಿಯಾಗಲು ಇದೂ ಒಂದು ದೊಡ್ಡ ಕಾರಣ ಅಂತ ನಾನು ನಂಬಿದ್ದೇನೆ.

ನಮ್ಮ ಹಳ್ಳಿಯ ಸುತ್ತ ನಕ್ಷೆಯಲ್ಲಿ ಒಂದು ಗೆರೆ ಎಳೆದಿದ್ದರು. ಗೆರೆಯ ಒಳಗೆ ಕಟ್ಟಬಹುದು, ಹೊರಗೆ ಸಾಮಾನ್ಯವಾಗಿ ಇಲ್ಲ. ಒಳಗೆ ಜಾಗವೇ ಇಲ್ಲ. ಹಾಗಾಗಿ ಇದ್ದ ಮನೆಗಳ ಬೆಲೆ ಏರುತ್ತಲೇ ಇತ್ತು. ಕೆಲವನ್ನು ಪಟ್ಟಣದವರು ರಜೆಗೆಂದು ಕೊಂಡಿದ್ದರು. ಚಳಿಗಾಲದ ಸಂಜೆ ನಡೆದು ಹೋದರೆ ಸಾಲಾಗಿ ಮೂರು ನಾಲ್ಕು ಮನೆ ಕತ್ತಲು. ಪಕ್ಕದ ಕಾರ್ನ್‌ವಾಲ್‌ನ ಸೇಂಟ್ ಐವ್ಸ್ ಊರಿನಲ್ಲಂತೂ ಇದರಿಂದ ಬೇಸತ್ತು, ಹೊಸ ಮನೆಗಳು ವರ್ಷವಿಡೀ ಇರುವವರಿಗೇ ಸಿಗಬೇಕು ಅಂತ 2016ರಲ್ಲಿ ಜನಮತ ನಡೆಸಿದರು. ನೂರಕ್ಕೆ ಎಂಬತ್ತಕ್ಕೂ ಜಾಸ್ತಿ ಮತ ಅದರ ಪರ ಬಿತ್ತು.

ಹಳದಿ ಕಾಗದದ ಎಂಟು ಮನೆ ಇದ್ದದ್ದು ಗೆರೆಯ ಹೊರಗೆ. ಆದರೂ ಅರ್ಜಿ ಹಾಕಲು ಸಾಧ್ಯವಾದದ್ದು ಹೇಗೆ? ಆ ವ್ಯವಸ್ಥೆಯಲ್ಲಿ ನನಗೆ ತುಂಬ ಹಿಡಿಸಿದ ಸಂಗತಿ ಇದೇ. ಗೆರೆಯ ಹೊರಗಿನ ಹೊಲದಲ್ಲಿ ಮಾಮೂಲಿ ಮನೆಗೆ ಅನುಮತಿ ಸಿಗುವುದಿಲ್ಲ. ಹಾಗಾಗಿ ಅದರ ಬೆಲೆ ಹೊಲದ ಬೆಲೆಯ ಹತ್ತಿರವೇ ಇರುತ್ತದೆ. ಅಂಥ ಕಡೆ ಒಂದು ಷರತ್ತಿನ ಮೇಲೆ ಕಟ್ಟಲು ಬಿಡುತ್ತಾರೆ. ಆ ಊರಲ್ಲಿ ಹುಟ್ಟಿ ಬೆಳೆದವರಿಗೆ, ಅಲ್ಲಿ ಕೆಲಸ ಮಾಡುವವರಿಗೆ, ಅಲ್ಲಿ ಹತ್ತಿರದ ನೆಂಟರಿರುವವರಿಗೆ ಕೈಗೆಟುಕುವ ಬಾಡಿಗೆಗೋ ಬೆಲೆಗೋ ಕೊಡಬೇಕು. ಮುಂದೆಯೂ ಹಾಗೇ ಇರಬೇಕು. ಅದಕ್ಕೆ ಕರಾರು ಪತ್ರ ಆಗುತ್ತದೆ. ಮೊದಲು ಊರಲ್ಲಿ ಮನೆಮನೆಗೆ ಪ್ರಶ್ನೆಪಟ್ಟಿ ಕೊಟ್ಟು, ಯಾರಿಗೆ ಎಂಥ ಮನೆ ಬೇಕು ಅಂತ ಲೆಕ್ಕ ತೆಗೆಯುತ್ತಾರೆ. ಗ್ರಾಮೀಣ ವಿನಾಯಿತಿ ಜಾಗ ಅಂತ ಇದನ್ನು ಕರೆಯಬಹುದು. ಬೇಡ ಅಂದ ಕಡೆಯೇ, ಬೇಡ ಅಂದಿದ್ದರಿಂದಲೇ, ಬಡವರಿಗೆ ಒಂದು ದಾರಿ ಉಳಿದಿದೆ.

ಪ್ಯಾರಿಷ್ ಕೌನ್ಸಿಲ್ ಊರ ಸಭಾಭವನದಲ್ಲಿ ಸಭೆ ಕರೆಯಿತು. ಅದು ನಮ್ಮ ಗ್ರಾಮ ಪಂಚಾಯಿತಿ ಇದ್ದ ಹಾಗೆ. ಸಲಹೆ ಮಾತ್ರ ಕೊಡಬಹುದು, ತೀರ್ಮಾನ ಮೇಲಿನ ಡಿಸ್ಟ್ರಿಕ್ಟ್ ಕೌನ್ಸಿಲ್‌ನದು. ಭವನದಲ್ಲಿ ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ನಮ್ಮ ಕಿಟಕಿಯ ನೋಟ ಹೋಗುತ್ತದೆ ಅಂತ ಒಬ್ಬರು. ನಮ್ಮ ಮನೆ ಬೆಲೆ ಇಳಿಯುತ್ತದೆ ಅಂತ ಇನ್ನೊಬ್ಬರು. ಕಾನೂನಿನಲ್ಲಿ ಈ ಎರಡೂ ಲೆಕ್ಕಕ್ಕೆ ಬರುವುದಿಲ್ಲ. ರಸ್ತೆಯ ಅಪಾಯ, ಪಕ್ಕದ ಮನೆಗೆ ಬೆಳಕು ತಪ್ಪುವುದು, ನೀರು ಹರಿಯುವ ದಾರಿ, ಹಳೆಯ ಕಟ್ಟಡಗಳಿಗೆ ಆಗುವ ಧಕ್ಕೆ, ಇಂಥವು ಬರುತ್ತವೆ. ಆಗ ಒಬ್ಬ ಮುದುಕ ರೈತ ಎದ್ದು ಗೋಡೆಯ ಮೇಲಿನ ನಕ್ಷೆಯ ಹತ್ತಿರ ಹೋದರು. ಕೆಳಮೂಲೆಯ ಮೇಲೆ ಬೆರಳಿಟ್ಟು, ಫೆಬ್ರವರಿಯಲ್ಲಿ ಇಲ್ಲಿ ನೀರು ನನ್ನ ಬೂಟಿನ ಮೇಲಕ್ಕೆ ಬರುತ್ತದೆ ಅಂದರು. ಅಷ್ಟೇ ಮಾತು. ಮುಂದೆ ಬಂದ ನಕ್ಷೆಯಲ್ಲಿ ಆ ಮೂಲೆಯ ಎರಡು ಮನೆ ಮೇಲಕ್ಕೆ ಸರಿದಿದ್ದವು. ವಿರೋಧ ಅಂದರೆ ಹೀಗಿರಬೇಕು ಅಂತ ನನಗೆ ಅವತ್ತು ಅನಿಸಿತು.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಮಾತಾಡಿದಳು. ಆ ಊರಲ್ಲೇ ಹುಟ್ಟಿದವಳು. ವೃದ್ಧರ ಆರೈಕೆ ಅವಳ ಕೆಲಸ. ಬೆಳಿಗ್ಗೆ ಅವರಿವರ ಮನೆಗೆ ಹೋಗಿ ಎಬ್ಬಿಸಿ, ಸ್ನಾನ ಮಾಡಿಸಿ, ಮಾತ್ರೆ ಕೊಡುತ್ತಾಳೆ. ಆ ಸಭೆಯಲ್ಲಿ ಕೂತಿದ್ದ ಕೆಲವರ ಮನೆಗೂ ಹೋಗುತ್ತಿದ್ದಳು. ಊರಲ್ಲಿ ಮನೆ ಸಿಗದೆ ದೂರದ ಪಟ್ಟಣದಲ್ಲಿದ್ದಳು. ನನ್ನ ಅಮ್ಮ ಇಲ್ಲೇ ಒಬ್ಬಳೇ ಇದ್ದಾಳೆ, ರಾತ್ರಿ ಬಿದ್ದರೆ ನಾನು ಬಂದು ಮುಟ್ಟಲು ಮುಕ್ಕಾಲು ಗಂಟೆ ಬೇಕು ಅಂದಳು. ಯಾರೂ ಉತ್ತರ ಕೊಡಲಿಲ್ಲ.

ಮನೆಗೆ ಬಂದು ನಾನು ಕಾಗದ ಬರೆಯಲು ಕೂತೆ. ಬೇಡ ಅನ್ನುವವರು ಬರೆಯುತ್ತಾರೆ, ಬೇಕು ಅನ್ನುವವರು ಸುಮ್ನೆ ಇರುತ್ತಾರೆ. ಬೆಂಬಲಿಸಿಯೂ ಬರೆಯಬಹುದು ಅಂತ ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ. ಊರಲ್ಲಿ ಕೆಲಸ ಮಾಡುವ ಎಷ್ಟು ಜನ ಹೊರಗಿನಿಂದ ಬರುತ್ತಾರೆ, ಶಾಲೆಗೆ ಮಕ್ಕಳು ಎಷ್ಟು ಕಡಿಮೆಯಾಗಿದ್ದಾರೆ ಅಂತ ನನಗೆ ಕಂಡಷ್ಟನ್ನು ಬರೆದೆ.

ಈ ಗಾತ್ರದ ಅರ್ಜಿಗೆ ಕಾನೂನಿನ ಲೆಕ್ಕದಲ್ಲಿ 8 ವಾರ. ಆಗಿದ್ದು ಒಂದು ವರ್ಷದ ಮೇಲೆ. ಹೊಲದ ಮೂಲೆಯಲ್ಲಿ ಹಳೆಯ ಕೊಟ್ಟಿಗೆ ಇತ್ತು, ಅಂಥ ಕಡೆ ಬಾವಲಿಗಳು ಇರಬಹುದು. ದಕ್ಷಿಣ ಡೆವನ್‌ನಲ್ಲಿ ದೊಡ್ಡ ಲಾಳಮೂಗಿನ ಬಾವಲಿಗಳಿವೆ, ದೇಶದಲ್ಲೇ ಅಪರೂಪದವು. ಅವು ಬೇಲಿಸಾಲು ಹಿಡಿದೇ ಹಾರುತ್ತವೆ, ಬೆಳಕು ಬಿದ್ದರೆ ಆ ದಾರಿ ಬಿಡುತ್ತವೆ. ಅವುಗಳ ಲೆಕ್ಕವನ್ನು ಬೆಚ್ಚಗಿನ ತಿಂಗಳುಗಳಲ್ಲೇ ತೆಗೆಯಬೇಕು. ಹಾಗಾಗಿ ಒಂದು ಬೇಸಿಗೆ ಕಾದರು. ಕಾಯುವುದು ಕಷ್ಟ, ನಿಜ. ಆದರೆ ಆ ಬೇಲಿಗಳು ಮನೆಗಳಿಗಿಂತ ಹಳೆಯವು, ಅವಕ್ಕೂ ಒಂದು ಮಾತು ಇರಬೇಕಲ್ವಾ? ಬೇಲಿ ಉಳಿಸಬೇಕು, ಅದರ ಪಕ್ಕ ದೀಪದ ಕಂಬ ಹಾಕಬಾರದು ಅಂತ ಷರತ್ತಿನ ಮೇಲೆ ಅನುಮತಿ ಸಿಕ್ಕಿತು.

ಮನೆಗಳು ಏಳುವ ಹೊತ್ತಿಗೆ ನಾನು ಊರು ಬಿಟ್ಟಿದ್ದೆ. ಆಮೇಲೆ ಪಕ್ಕದ ಮನೆಯವರು ಫೋನಿನಲ್ಲಿ ಹೇಳಿದರು. ಆ ಹೆಂಗಸಿಗೆ ಮೂರನೆಯ ಮನೆ ಸಿಕ್ಕಿದೆಯಂತೆ. ಬೇಲಿ ಪಕ್ಕದ ದಾರಿ ಈಗಲೂ ಕತ್ತಲೇ. ರಾತ್ರಿ ಊಟ ಮುಗಿಸಿ, ಟಾರ್ಚನ್ನು ನೆಲದ ಕಡೆ ಹಿಡಿದು ಅಮ್ಮನ ಮನೆಗೆ ಹೋಗಿ ಬರುತ್ತಾಳಂತೆ. ನಡೆದರೆ ಏಳು ನಿಮಿಷ.

ನಮಸ್ಕಾರ.