ಘಟ್ಟ ಹತ್ತುವ ಪೆಟ್ರೋಲ್ ವ್ಯಾನ್: ಮೈಲೇಜ್ ಎಲ್ಲಿ ಹೋಗ್ತದೆ, ಎಷ್ಟು ವಾಪಸ್ ತರಬಹುದು

ನಮಸ್ಕಾರ. ಈಗ ಕಾಣ್ತಿರೋದು ಕುಮಟಾದಿಂದ ಶಿರಸಿಗೆ ಹೋಗುವ ರಸ್ತೆ, ರಾಷ್ಟ್ರೀಯ ಹೆದ್ದಾರಿ 766ಇ. ಮುಂದೆ ದೇವಿಮನೆ ಘಟ್ಟ. ನಮ್ಮ ಜಿಲ್ಲೆಯಲ್ಲಿ ಮನೆಮಂದಿ ಎಲ್ಲ ಒಟ್ಟಿಗೆ ಹೋಗಬೇಕು, ಜೊತೆಗೆ ಸಾಮಾನೂ ಹೋಗಬೇಕು ಅಂದ್ರೆ ಹೆಚ್ಚಿನವರ ಹತ್ತಿರ ಇರೋದು ಮಾರುತಿ ಈಕೋ, ಇಲ್ಲಾಂದ್ರೆ ಹಳೇ ಓಮ್ನಿ. ಈಗಿನ ಪೆಟ್ರೋಲ್ ಈಕೋಗೆ ಕಂಪನಿ ಹೇಳುವ ಮೈಲೇಜ್ ಲೀಟರಿಗೆ 19.71 ಕಿಲೋಮೀಟರ್. ಅದು ರೋಲರ್ ಮೇಲೆ ಚಕ್ರ ತಿರುಗಿಸಿ ಅಳೆದ ಲೆಕ್ಕ. ಅಲ್ಲಿ ಘಟ್ಟ ಇಲ್ಲ, ಮಳೆ ಇಲ್ಲ, ಏಳು ಜನ ಇಲ್ಲ. ಹನ್ನೆರಡು ಬಂತು, ಹದಿಮೂರು ಬಂತು ಅಂತ ಗಾಬರಿ ಆಗೋ ಮೊದಲು, ಅದರಲ್ಲಿ ಘಟ್ಟ ತಿಂದದ್ದೆಷ್ಟು, ವ್ಯಾನಿನ ದೋಷ ಎಷ್ಟು, ನಮ್ಮ ಕಾಲಿನ ದೋಷ ಎಷ್ಟು ಅಂತ ಬೇರೆ ಮಾಡಿ ನೋಡಬೇಕು.

ಅದಕ್ಕೆ ಮೊದಲು ಅಳತೆ ಸರಿ ಇರಬೇಕು. ಐನೂರು ರೂಪಾಯಿದು ಹಾಕಿಸಿ, ಮುಳ್ಳು ಎಲ್ಲಿಗೆ ಬಂತು ಅಂತ ನೋಡಿ ಹೇಳುವ ಮೈಲೇಜನ್ನು ನಂಬಬೇಡಿ. ಟ್ಯಾಂಕ್ ಫುಲ್ ಮಾಡಿಸಿ. ಪಂಪು ತಾನಾಗಿ ಕಟ್ ಆದ ಕೂಡಲೇ ಸಾಕು ಅನ್ನಿ, ಮೇಲಿಂದ ರೌಂಡ್ ಫಿಗರ್ ಮಾಡಿಸಬೇಡಿ. ಟ್ರಿಪ್ ಮೀಟರ್ ಸೊನ್ನೆಗೆ ತನ್ನಿ. ಮುನ್ನೂರು ಕಿಲೋಮೀಟರಾದ್ರೂ ಓಡಿಸಿ ಅದೇ ಬಂಕಿಗೆ ಬನ್ನಿ, ಅದೇ ಪಂಪಿನ ಹತ್ತಿರ, ಅದೇ ದಿಕ್ಕಿಗೆ ಮುಖ ಮಾಡಿ ನಿಲ್ಲಿಸಿ. ನೆಲ ಸ್ವಲ್ಪ ಓರೆ ಇದ್ರೂ ಟ್ಯಾಂಕ್ ಹಿಡಿಯುವ ಪೆಟ್ರೋಲ್ ಹೆಚ್ಚುಕಮ್ಮಿ ಆಗ್ತದೆ. ಮತ್ತೆ ಕಟ್ ಆಗುವ ತನಕ ಹಾಕಿಸಿ, ಓಡಿದ ಕಿಲೋಮೀಟರನ್ನು ಈ ಸಲ ಹಿಡಿದ ಲೀಟರಿನಿಂದ ಭಾಗಿಸಿ. ಮೂರು ಸಲದ ಸರಾಸರಿ ತೆಗೆಯಿರಿ. ಘಟ್ಟದ ಓಡಾಟ ಮತ್ತು ಕರಾವಳಿಯ ಓಡಾಟಕ್ಕೆ ಬೇರೆ ಬೇರೆ ಪುಟ ಇಡಿ.

ಮೈಲೇಜಿಗಿಂತ ಕಿಲೋಮೀಟರಿಗೆ ಎಷ್ಟು ರೂಪಾಯಿ ಅನ್ನೋದು ಒಳ್ಳೆ ಲೆಕ್ಕ. ಲೀಟರಿಗೆ 103 ರೂಪಾಯಿ ಅಂತ ಹಿಡಿದ್ರೆ, 12ರ ಮೈಲೇಜಿನಲ್ಲಿ ಕಿಲೋಮೀಟರಿಗೆ 8.58 ರೂಪಾಯಿ, 14ರಲ್ಲಿ 7.36, 16ರಲ್ಲಿ 6.44. ತಿಂಗಳಿಗೆ 1,500 ಕಿಲೋಮೀಟರ್ ಓಡುವ ವ್ಯಾನ್ 12ರಿಂದ 14ಕ್ಕೆ ಬಂದ್ರೆ ಉಳಿಯೋದು ಸುಮಾರು 1,840 ರೂಪಾಯಿ. 14ರಿಂದ 16ಕ್ಕೆ ಏರಿಸಿದ್ರೆ ಅಷ್ಟು ಉಳಿಯೋದಿಲ್ಲ, 1,380ರ ಹತ್ತಿರ. ಹಾಗಾಗಿ ಕೆಳಗೆ ಬಿದ್ದ ಮೈಲೇಜನ್ನು ಮೇಲೆತ್ತೋದರಲ್ಲೇ ಹೆಚ್ಚು ಲಾಭ ಇದೆ.

ಈಗ ಘಟ್ಟಕ್ಕೆ ಬರೋಣ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಜನ ಸೇರಿ 1,350 ಕಿಲೋ ತೂಗುವ ವ್ಯಾನನ್ನು ಅಷ್ಟು ಮೇಲೆತ್ತಲಿಕ್ಕೆ ಬೇಕಾಗುವ ಶಕ್ತಿ 80 ಲಕ್ಷ ಜೂಲಿನ ಹತ್ತಿರ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 320 ಲಕ್ಷ ಜೂಲ್ ಇದ್ರೂ ಚಕ್ರಕ್ಕೆ ಸಿಗೋದು ಕಾಲು ಭಾಗ ಮಾತ್ರ, ಉಳಿದದ್ದು ಬಿಸಿಯಾಗಿ ಹೋಗ್ತದೆ. ಅಂದ್ರೆ ಮೇಲೇರಲಿಕ್ಕೇ ಒಂದು ಲೀಟರ್ ಖರ್ಚು. ದಾರಿಯ ದೂರಕ್ಕೆ ಬೇಕಾದ ಪೆಟ್ರೋಲ್ ಇದರ ಮೇಲೆ. ಈ ಒಂದು ಲೀಟರನ್ನು ಯಾವ ಮೆಕ್ಯಾನಿಕ್ಕೂ ಉಳಿಸಿ ಕೊಡಲಾರ. ಹಿಂದಿನ ಸೀಟಿನ ಕೆಳಗೆ ಬೇಡದ 100 ಕಿಲೋ ಸಾಮಾನು ಇದ್ರೆ ಪ್ರತಿ ಸಲ ಹತ್ತುವಾಗ ಮತ್ತೆ 70 ಮಿಲಿಲೀಟರ್, ಅಂದ್ರೆ ಏಳು ರೂಪಾಯಿ. ದಿನಾ ಘಟ್ಟ ಹತ್ತುವವರಿಗೆ ಅದೂ ಲೆಕ್ಕವೇ.

ಹತ್ತುವಾಗ ಕೈಯಲ್ಲಿರೋದು ಗೇರ್. ಈಕೋದ 1.2 ಲೀಟರ್ ಎಂಜಿನ್‌ನ ಪೂರ್ತಿ ಎಳೆತ ಸಿಗೋದು 3,000 ಆರ್‌ಪಿಎಂ ಹತ್ತಿರ. ಮೈಲೇಜ್ ಆಸೆಗೆ ನಾಲ್ಕನೇ ಗೇರಿನಲ್ಲೇ ಇಟ್ಟು ಆಕ್ಸಿಲರೇಟರ್ ಪೂರ್ತಿ ಒತ್ತಿದ್ರೆ ಎಂಜಿನ್ ಗುದ್ದಾಡ್ತದೆ. ಆಗ ಇಸಿಎಂ, ಅಂದ್ರೆ ಎಂಜಿನಿನ ಕಂಪ್ಯೂಟರ್, ಪೆಟ್ರೋಲ್ ಹೆಚ್ಚು ಬಿಡ್ತದೆ, ಜೊತೆಗೆ ಕಿಡಿ ಹಾರುವ ಸಮಯವನ್ನೂ ಹಿಂದಕ್ಕೆ ಎಳೀತದೆ. ಎರಡೂ ನಷ್ಟವೇ. ಮೂರನೇ ಗೇರ್, ಪೆಡಲ್ ಮುಕ್ಕಾಲಿಗಿಂತ ಒಳಗೆ, ವೇಗ 35ರಿಂದ 45. ತಿರುವಿನಲ್ಲಿ ಎರಡನೇ ಗೇರ್, ಅದನ್ನು ತಿರುವಿಗೆ ಮೊದಲೇ ಹಾಕಿ. ಆರ್‌ಪಿಎಂ ಮೀಟರ್ ಇಲ್ಲದ ವ್ಯಾನಿನಲ್ಲಿ ಸದ್ದು ಕೇಳಿ: ಗುಡುಗಿದ ಹಾಗೆ ದಪ್ಪ ಸದ್ದು ಬಂತು ಅಂದ್ರೆ ಒಂದು ಗೇರ್ ಕೆಳಗೆ ಬೇಕು.

ಇಳಿಯುವಾಗ ಬಹಳ ಜನ ನ್ಯೂಟ್ರಲ್ ಹಾಕ್ತಾರೆ. ಪೆಟ್ರೋಲ್ ಉಳೀತದೆ ಅನ್ನೋ ನಂಬಿಕೆ. ಇಂಜೆಕ್ಷನ್ ಎಂಜಿನಿನಲ್ಲಿ, ಅಂದ್ರೆ ಇಸಿಎಂ ಹೇಳಿದಷ್ಟೇ ಪೆಟ್ರೋಲನ್ನು ಇಂಜೆಕ್ಟರ್ ಚಿಮ್ಮಿಸುವ ಎಂಜಿನಿನಲ್ಲಿ, ನಡೆಯೋದು ಇದಕ್ಕೆ ಉಲ್ಟಾ. ಗೇರ್‌ನಲ್ಲಿದ್ದು ಪೆಡಲ್‌ನಿಂದ ಕಾಲು ಪೂರ್ತಿ ತೆಗೆದಾಗ ಚಕ್ರವೇ ಎಂಜಿನನ್ನು ತಿರುಗಿಸ್ತದೆ, ಇಸಿಎಂ ಇಂಜೆಕ್ಟರನ್ನು ಮುಚ್ಚಿಬಿಡ್ತದೆ. ಆ ಹೊತ್ತಿನಲ್ಲಿ ಪೆಟ್ರೋಲ್ ಖರ್ಚು ಸೊನ್ನೆ. ಆರ್‌ಪಿಎಂ ಐಡಲಿಂಗ್ ಹತ್ತಿರಕ್ಕೆ ಇಳಿದ ಮೇಲೆ, ಇಲ್ಲ ನೀವು ಕ್ಲಚ್ ಒತ್ತಿದ ಮೇಲೆ ಮತ್ತೆ ಶುರುವಾಗ್ತದೆ. ನ್ಯೂಟ್ರಲ್‌ನಲ್ಲಿ ಮಾತ್ರ ಎಂಜಿನ್ ಬಂದ್ ಆಗದ ಹಾಗೆ ಗಂಟೆಗೆ 0.7 ಲೀಟರಿನಷ್ಟು ಸುಡ್ತಾ ಇರ್ತದೆ. ಅರ್ಧ ಗಂಟೆಯ ಇಳಿಜಾರಿಗೆ 350 ಮಿಲಿಲೀಟರ್. ಅದಕ್ಕಿಂತ ದೊಡ್ಡ ಅಪಾಯ ಬ್ರೇಕಿನದ್ದು. ಎಂಜಿನ್ ಹಿಡಿತ ಇಲ್ಲದೆ ಬ್ರೇಕ್ ಒಂದರ ಮೇಲೇ ಇಳಿದ್ರೆ ಡ್ರಮ್ ಕಾಯ್ತದೆ, ಕೊನೆಯ ತಿರುವಿನಲ್ಲಿ ಪೆಡಲ್ ಒತ್ತಿದ್ರೂ ನಿಲ್ಲೋದಿಲ್ಲ. ಇಳಿಜಾರಿನಲ್ಲಿ ಕೀ ತಿರುಗಿಸಿ ಎಂಜಿನ್ ಬಂದ್ ಮಾಡುವವರಿಗೆ ಕೈ ಮುಗಿದು ಹೇಳೋದು: ಬೇಡ. ಎರಡು ಮೂರು ಸಲ ಒತ್ತುವಷ್ಟರಲ್ಲಿ, ಬ್ರೇಕ್ ಹಗುರ ಮಾಡುವ ಬೂಸ್ಟರಿನ ವ್ಯಾಕ್ಯೂಮ್ ಮುಗಿದು ಬ್ರೇಕ್ ಕಲ್ಲಾಗ್ತದೆ, ಕೀ ತೆಗೆದ್ರೆ ಸ್ಟೇರಿಂಗ್ ಲಾಕ್ ಆಗ್ತದೆ. ಹತ್ತಿದ ಗೇರಿನಲ್ಲೇ ಇಳಿಯಿರಿ. ಕಾರ್ಬ್ಯುರೇಟರ್ ಇರುವ ಹಳೇ ಓಮ್ನಿಯಲ್ಲಿ ಇಷ್ಟು ಉಳಿತಾಯ ಸಿಗೋದಿಲ್ಲ, ಆದ್ರೂ ಗೇರಿನಲ್ಲೇ ಇಳಿಯಬೇಕು.

ಈಗ ಕರಾವಳಿಯ ಮುಖ್ಯ ಕಾಯಿಲೆ: ಹಿಡಿದುಕೊಂಡ ಬ್ರೇಕ್. ಕಾರವಾರ, ಅಂಕೋಲಾ, ಹೊನ್ನಾವರದ ಉಪ್ಪುಗಾಳಿ, ಮೇಲಿಂದ ನಾಲ್ಕು ತಿಂಗಳ ಮಳೆ. ಹ್ಯಾಂಡ್‌ಬ್ರೇಕ್ ಕೇಬಲ್ ಒಳಗೇ ತುಕ್ಕು ಹಿಡೀತದೆ, ಲಿವರ್ ಕೆಳಗಿಳಿದ್ರೂ ಹಿಂದಿನ ಡ್ರಮ್ಮಿಗೆ ಒತ್ತುವ ಬ್ರೇಕ್ ಶೂ ಪೂರ್ತಿ ಹಿಂದೆ ಬರೋದಿಲ್ಲ. ಮುಂದಿನ ಚಕ್ರದಲ್ಲಿ ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿನ್ ಒಣಗಿ ಪ್ಯಾಡ್ ಡಿಸ್ಕಿಗೆ ಉಜ್ತಾ ಇರ್ತದೆ. ವ್ಯಾನ್ ಓಡ್ತದೆ, ಸದ್ದೂ ಬರೋದಿಲ್ಲ, ಪೆಟ್ರೋಲ್ ಮಾತ್ರ ಹೋಗ್ತದೆ. ಪರೀಕ್ಷೆ ಸುಲಭ. ಬ್ರೇಕ್ ಹೆಚ್ಚು ಬಳಸದೆ ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ನಾಲ್ಕೂ ಚಕ್ರದ ರಿಮ್ಮಿನ ಹತ್ತಿರ ಕೈ ಹಿಡಿಯಿರಿ, ಮುಟ್ಟಬೇಡಿ. ಒಂದು ಉಳಿದದ್ದಕ್ಕಿಂತ ಹೆಚ್ಚು ಬಿಸಿ ಇದ್ರೆ ಕಳ್ಳ ಸಿಕ್ಕಿದ. ಆಮೇಲೆ ಸಮನೆಲದಲ್ಲಿ, ಉಳಿದ ಮೂರು ಚಕ್ರಕ್ಕೆ ಕಲ್ಲು ಕೊಟ್ಟು, ಆ ಚಕ್ರ ಜಾಕ್ ಮೇಲೆತ್ತಿ, ನ್ಯೂಟ್ರಲ್‌ನಲ್ಲಿ ಹ್ಯಾಂಡ್‌ಬ್ರೇಕ್ ಬಿಟ್ಟು ಕೈಯಿಂದ ತಿರುಗಿಸಿ. ಮುಂದಿನದ್ದು ಸಲೀಸಾಗಿ ಒಂದು ಸುತ್ತು ಬರಬೇಕು. ಈಕೋಗೆ ಹಿಂದಿನ ಚಕ್ರದ ಡ್ರೈವ್ ಆದ್ದರಿಂದ ಹಿಂದೆ ಸ್ವಲ್ಪ ಭಾರ ಇರ್ತದೆ, ಅದು ಸರಿಯೇ. ಆದ್ರೆ ಉಜ್ಜುವ ಸದ್ದು, ಒಂದು ಜಾಗದಲ್ಲಿ ಬಿಗಿಯಾಗೋದು, ಇದು ಸರಿಯಲ್ಲ.

ಕ್ಯಾಲಿಪರ್ ಪಿನ್ ಬಿಚ್ಚಿ ತುಕ್ಕು ತೆಗೆದು ಬ್ರೇಕಿಗೆ ಅಂತಲೇ ಬರುವ ಸಿಲಿಕೋನ್ ಗ್ರೀಸ್ ಹಚ್ಚಿಸಿ. ಬೇರಿಂಗಿಗೆ ಹಾಕುವ ಸಾದಾ ಗ್ರೀಸ್ ಹಚ್ಚಿದ್ರೆ ರಬ್ಬರ್ ಬೂಟ್ ಉಬ್ಬಿ ಪಿನ್ ಮತ್ತಷ್ಟು ಬಿಗಿಯಾಗ್ತದೆ. ತುಕ್ಕು ಹಿಡಿದ ಹ್ಯಾಂಡ್‌ಬ್ರೇಕ್ ಕೇಬಲಿಗೆ ಎಣ್ಣೆ ಬಿಟ್ಟು ದಿನ ತಳ್ಳಬೇಡಿ, ಬದಲಿಸಿ. ಈ ಕೆಲಸವನ್ನು ಮಳೆ ಮುಗಿದ ಮೇಲೆ, ದೀಪಾವಳಿ ಹೊತ್ತಿಗೆ, ಪ್ರತಿ ವರ್ಷ ಮಾಡಿಸಬೇಕು. ಮಳೆಗಾಲದ ರಾತ್ರಿ ಸಮನೆಲದಲ್ಲಿ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆಯದೆ ಒಂದನೇ ಗೇರ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಒದ್ದೆ ಶೂ ಡ್ರಮ್ಮಿಗೆ ಅಂಟಿಕೊಳ್ಳೋದು ತಪ್ತದೆ. ಓರೆ ಜಾಗದಲ್ಲಿ ಮಾತ್ರ ಮೂರೂ ಬೇಕು. ನೀರು ನಿಂತ ರಸ್ತೆಯಲ್ಲಿ ಆಕ್ಸಲ್ ಮುಳುಗುವಷ್ಟು ಆಳಕ್ಕೆ ಹೋಗಿದ್ರೆ ಡಿಫರೆನ್ಷಿಯಲ್, ಅಂದ್ರೆ ಹಿಂದಿನ ಆಕ್ಸಲಿನ ನಡುವಿನ ಗೇರ್ ಗುಂಡಿನ, ಆಯಿಲ್ ಬಿಚ್ಚಿ ನೋಡಿಸಿ. ಹಾಲು ಬೆರೆಸಿದ ಬಣ್ಣ ಬಂದಿದ್ರೆ ನೀರು ಒಳಗೆ ಹೋಗಿದೆ, ಪೂರ್ತಿ ಬದಲಿಸಬೇಕು.

ಇನ್ನು ಹೆದ್ದಾರಿ 66. ರಸ್ತೆ ಅಗಲ ಆಗಿದೆ, ಕಾಲು ತಾನಾಗಿ ಒತ್ತಿಹೋಗ್ತದೆ. ವ್ಯಾನಿನ ಮುಖ ಗೋಡೆಯ ಹಾಗೆ ನೆಟ್ಟಗಿದೆ, ಗಾಳಿಯನ್ನು ಸೀಳೋದಿಲ್ಲ, ದೂಡ್ತದೆ. ಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರ್ತದೆ. 80ರಿಂದ 100ಕ್ಕೆ ಹೋದ್ರೆ ತಡೆ ಶೇಕಡಾ 56 ಜಾಸ್ತಿ. 80ರಿಂದ 65ಕ್ಕೆ ಇಳಿಸಿದ್ರೆ ಮೂರನೇ ಒಂದು ಭಾಗ ಕಡಿಮೆ. ಕಾರವಾರದಿಂದ ಕುಮಟಾಕ್ಕೆ ಸುಮಾರು 70 ಕಿಲೋಮೀಟರ್. 80ರ ಬದಲು 65ರಲ್ಲಿ ಹೋದ್ರೆ ತಡ ಆಗೋದು ಹನ್ನೆರಡು ನಿಮಿಷ. ಒಂದು ಪೈಸೆ ಖರ್ಚಿಲ್ಲದೆ ಇಷ್ಟು ಪೆಟ್ರೋಲ್ ಉಳಿಸುವ ಉಪಾಯ ಬೇರೆ ಇಲ್ಲ. ಮೇಲಿನ ಕ್ಯಾರಿಯರ್ ವರ್ಷಕ್ಕೆರಡು ಸಲ ಬಳಸೋದಾದ್ರೆ ಉಳಿದ ದಿನ ಬಿಚ್ಚಿಡಿ.

ಟೈರ್ ಗಾಳಿ ಬಗ್ಗೆ ಉತ್ಪ್ರೇಕ್ಷೆ ಬೇಡ. ನಾಲ್ಕೂ ಟೈರಿನಲ್ಲಿ 6 ಪಿಎಸ್‌ಐ ಕಡಿಮೆ ಇದ್ರೂ ಮೈಲೇಜಿಗೆ ಬೀಳುವ ಹೊಡೆತ ಶೇಕಡಾ ಒಂದರ ಆಚೀಚೆ. ಆದ್ರೆ ಟೈರಿನ ಎರಡೂ ಅಂಚು ಬೇಗ ಸವೀತದೆ, ನಿಜವಾದ ನಷ್ಟ ಅದು. ಎಷ್ಟು ಗಾಳಿ ಅಂತ ವ್ಯಾನಿನ ಸ್ಟಿಕ್ಕರ್ ಮೇಲೇ ಇರ್ತದೆ. ಖಾಲಿಗೆ ಬೇರೆ, ಲೋಡಿಗೆ ಬೇರೆ. ಬೆಳಿಗ್ಗೆ, ಟೈರ್ ತಣ್ಣಗಿರುವಾಗ ಹೊಡೆಸಿ.

ಏರ್ ಫಿಲ್ಟರ್‌ದೂ ಹಾಗೇ. ಕಾರ್ಬ್ಯುರೇಟರ್ ಕಾಲದಲ್ಲಿ ಫಿಲ್ಟರ್ ಕಟ್ಟಿದ್ರೆ ಮೈಲೇಜ್ ಬೀಳ್ತಿತ್ತು. ಈಗಿನ ಇಂಜೆಕ್ಷನ್ ಎಂಜಿನ್ ಬರುವ ಗಾಳಿ ನೋಡಿಯೇ ಪೆಟ್ರೋಲ್ ಬಿಡೋದರಿಂದ ಬೀಳೋದು ಎಳೆತ. ಶಿರಸಿ, ಸಿದ್ದಾಪುರ ಕಡೆಯ ಕೆಂಪು ಮಣ್ಣಿನ ರಸ್ತೆಯಲ್ಲಿ ಓಡುವ ವ್ಯಾನಿಗೆ ಮ್ಯಾನುವಲ್ ಹೇಳಿದ್ದಕ್ಕಿಂತ ಬೇಗ ಬದಲಿಸಿ. ಗಾಳಿ ಊದಿಸುವಾಗ ಸ್ವಚ್ಛ ಬದಿಯಿಂದ ಕೊಳೆ ಬದಿಗೆ ಊದಬೇಕು.

ಇಷ್ಟೆಲ್ಲ ಸರಿ ಇದ್ದೂ ಮೈಲೇಜ್ ಬಿದ್ದಿದ್ರೆ ಒಬಿಡಿ ಸ್ಕ್ಯಾನರ್, ಅಂದ್ರೆ ಇಸಿಎಂ ಒಳಗಿನ ಲೆಕ್ಕ ಓದುವ ಸಾಧನ, ಹಾಕಿ ಮೊಬೈಲಿನಲ್ಲಿ ಎರಡು ಸಂಖ್ಯೆ ನೋಡಿ. ಒಂದು, ಕೂಲೆಂಟ್ ಬಿಸಿ. ಹತ್ತು ಹದಿನೈದು ನಿಮಿಷದ ಓಟಕ್ಕೆ 80 ಡಿಗ್ರಿ ದಾಟಬೇಕು. 70ರಲ್ಲೇ ನಿಂತ್ರೆ ಥರ್ಮೋಸ್ಟಾಟ್, ಅಂದ್ರೆ ರೇಡಿಯೇಟರಿಗೆ ಕೂಲೆಂಟ್ ಬಿಡುವ ಬಾಗಿಲು, ತೆರೆದೇ ಉಳಿದಿದೆ. ಎಂಜಿನ್ ಇನ್ನೂ ತಣ್ಣಗಿದೆ ಅಂತ ಇಸಿಎಂ ಹೆಚ್ಚು ಪೆಟ್ರೋಲ್ ಬಿಡ್ತಾ ಇರ್ತದೆ. ಇನ್ನೊಂದು, ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್, ಅಂದ್ರೆ ಇಸಿಎಂ ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚುಕಮ್ಮಿ ಮಾಡಿ ಸರಿದೂಗಿಸ್ತಿದೆ ಅನ್ನೋ ಲೆಕ್ಕ. ಹತ್ತರ ಒಳಗೆ, ಪ್ಲಸ್ಸೋ ಮೈನಸ್ಸೋ, ಇದ್ರೆ ಚಿಂತೆ ಇಲ್ಲ. ಪ್ಲಸ್ 15 ದಾಟಿದ್ರೆ ಎಲ್ಲೋ ಗಾಳಿ ಒಳಗೆ ನುಗ್ತಿದೆ, ಇಲ್ಲ ಪೆಟ್ರೋಲ್ ಒತ್ತಡ ಸಾಲ್ತಿಲ್ಲ. ತೋಟದ ಮನೆಯ ಕೊಟ್ಟಿಗೆಯಲ್ಲಿ ನಿಲ್ಲುವ ವ್ಯಾನಾದ್ರೆ ಮೊದಲು ಮುಂದಿನ ಸೀಟ್ ಎತ್ತಿ, ಎಂಜಿನ್ ಇರೋದು ಅದರ ಕೆಳಗೇ, ಇಲಿ ಕಡಿದ ಪೈಪ್ ಇದೆಯೋ ನೋಡಿ. ಮೈನಸ್ 15 ಆದ್ರೆ ಸೋರುವ ಇಂಜೆಕ್ಟರ್, ಇಲ್ಲ ತಪ್ಪು ಹೇಳುವ ಸೆನ್ಸರ್. ಪ್ಲಗ್ ಬಿಚ್ಚಿದಾಗ ತುದಿ ಒಣ ಮಸಿಯಿಂದ ಕಪ್ಪಾಗಿದ್ರೆ ಅದೂ ಇದೇ ಮಾತು ಹೇಳ್ತದೆ.

ಇ20, ಅಂದ್ರೆ ಶೇಕಡಾ 20 ಎಥೆನಾಲ್ ಬೆರೆಸಿದ ಪೆಟ್ರೋಲಿನ ಪ್ರಶ್ನೆ ಬಹಳ ಜನರದ್ದು. ಎಥೆನಾಲಿನಲ್ಲಿ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿನ ಮೂರನೇ ಎರಡು ಭಾಗದಷ್ಟೇ, ಹಾಗಾಗಿ ಮೈಲೇಜ್ ಇಳಿಯೋದು ನಿಜ. ನೀತಿ ಆಯೋಗದ 2021ರ ವರದಿಯೇ ಹಳೇ ವಿನ್ಯಾಸದ ನಾಲ್ಕು ಚಕ್ರದ ವಾಹನಗಳಿಗೆ ಶೇಕಡಾ 6ರಿಂದ 7, ಇ20ಗೆ ಹೊಂದಿಸಿದವುಗಳಿಗೆ 1ರಿಂದ 2 ಅಂತ ಲೆಕ್ಕ ಕೊಟ್ಟಿದೆ. ಹಳೇ ವ್ಯಾನ್ 14ರಿಂದ 13ಕ್ಕೆ ಬಂದ್ರೆ ಅದು ವ್ಯಾನಿನ ದೋಷ ಅಲ್ಲ. ಆದ್ರೆ ಎಥೆನಾಲ್ ನೀರನ್ನು ಎಳ್ಕೊಳ್ತದೆ. ಆಷಾಢದಲ್ಲಿ ವಾರಗಟ್ಟಲೆ ನಿಲ್ಲುವ ವ್ಯಾನಾದ್ರೆ ಟ್ಯಾಂಕ್ ಖಾಲಿ ಬಿಡಬೇಡಿ, ಮುಚ್ಚಳದ ರಬ್ಬರ್ ಸರಿ ಇದೆಯೋ ನೋಡಿ, ಹಳೇ ಪೆಟ್ರೋಲ್ ಪೈಪ್ ಬಿರುಕು ಬಿಟ್ಟಿದ್ರೆ ಬದಲಿಸಿ. ಪೈಪಿಗೆ ಕಟ್ಟುವ ಅಯಸ್ಕಾಂತ, ಮೈಲೇಜ್ ಮಾತ್ರೆ, ಇದಕ್ಕೆಲ್ಲ ದುಡ್ಡು ಹಾಕಬೇಡಿ.

ಟೋಲ್ ಖರ್ಚು. 2025ರ ಆಗಸ್ಟ್ 15ರಿಂದ ಖಾಸಗಿ ಕಾರು, ಜೀಪು, ವ್ಯಾನಿಗೆ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಬಂದಿದೆ: ಒಂದು ವರ್ಷ ಇಲ್ಲ 200 ಸಲ, ಯಾವುದು ಮೊದಲೋ ಅದು. 2025ರಲ್ಲಿ ಶುರುವಾದಾಗ ದರ 3,000 ರೂಪಾಯಿ ಇತ್ತು. ಆ ದರದಲ್ಲಿ ಪೂರ್ತಿ ಬಳಸಿದ್ರೆ ಒಂದು ಸಲಕ್ಕೆ 15 ರೂಪಾಯಿ. ಅಂಕೋಲಾದ ಹಟ್ಟಿಕೇರಿ, ಕುಮಟಾದ ಹೊಳೆಗದ್ದೆ ಟೋಲ್ ಪದೇ ಪದೇ ದಾಟುವವರಿಗೆ ಲಾಭ. ಹಳದಿ ಬೋರ್ಡಿಗೆ ಇದು ಸಿಗೋದಿಲ್ಲ.

ಕೊನೆಗೆ, ಕಾರವಾರದವರು ಕೇಳುವ ಗೋವಾ ಪೆಟ್ರೋಲ್. ಬೆಲೆ ಕಡಿಮೆ ಹೌದು. ಆ ದಿನದ ವ್ಯತ್ಯಾಸ ಲೀಟರಿಗೆ ಆರು ರೂಪಾಯಿ ಅಂತ ಹಿಡಿಯಿರಿ. 30 ಲೀಟರಿಗೆ ಉಳಿಯೋದು 180. ಮಾಜಾಳಿ ದಾಟಿ ಪೋಳೆಂಗೆ ಹೋಗಿ ಬರಲಿಕ್ಕೆ 30 ಕಿಲೋಮೀಟರ್ ಅಂದ್ರೆ ಎರಡು ಲೀಟರ್, 200 ರೂಪಾಯಿ. ಪೆಟ್ರೋಲಿಗಾಗಿಯೇ ಹೋದ್ರೆ ಕೈಯಿಂದಲೇ ಹೋಗ್ತದೆ. ಮಡಗಾಂವಿಗೆ ಹೇಗೂ ಹೋಗುವವರು ವಾಪಸ್ ಬರುವಾಗ ಟ್ಯಾಂಕ್ ತುಂಬಿಸಿಕೊಳ್ಳಿ, ಅದು ಲಾಭ. ಕ್ಯಾನಿನಲ್ಲಿ ಮಾತ್ರ ತರಬೇಡಿ. ಈ ವ್ಯಾನಿನ ಎಂಜಿನ್ ಇರೋದು ಮುಂದಿನ ಸೀಟಿನ ಕೆಳಗೆ, ಪೆಟ್ರೋಲ್ ಆವಿ ಒಳಗೆ ತುಂಬಿದ್ರೆ ಒಂದು ಕಿಡಿ ಸಾಕು.