ಬಾಡಿಗೆ ಎಷ್ಟು ಅಂತ ಮೊದಲೇ ಬರೆದುಬಿಡಿ

ಎಲ್ಲರಿಗೂ ನಮಸ್ಕಾರ ರೀ. ನಾನು ಬಾಗಲಕೋಟೆಯ ನವನಗರದಿಂದ ಮಾತಾಡುತ್ತಿದ್ದೇನೆ. ನಮ್ಮದು ದೊಡ್ಡ ಆಸ್ತಿ ಏನಲ್ಲ. ಕೆಳಗೆ ನಾನು, ಅವ್ವ ಇರುತ್ತೇವೆ. ಮೇಲೆ ಒಂದು ಮನೆ ಬಾಡಿಗೆಗೆ ಕೊಡುತ್ತೇವೆ. ಆ ಬಾಡಿಗೆಯಲ್ಲೇ ಅವ್ವನ ಔಷಧ, ಸಾಲದ ಕಂತು ಎರಡೂ ನಡೆಯಬೇಕು. ಇಂಥ ಮನೆ ನಮ್ಮ ಸೆಕ್ಟರಿನಲ್ಲೇ ಎಷ್ಟೋ ಇವೆ. ಇವತ್ತು ನನ್ನ ಮಾತು ಅಂಥ ಮನೆಯವರ ಜೊತೆ.

ಒಮ್ಮೆ ಮೊಬೈಲ್ ತೆಗೆದು ನೋಡಿ. ಒಎಲ್‌ಎಕ್ಸ್ ಇರಲಿ, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್ ಇರಲಿ, ನಿಮ್ಮ ಓಣಿಯ ವಾಟ್ಸಾಪ್ ಗ್ರೂಪ್ ಇರಲಿ, ಎಲ್ಲಾ ಕಡೆ ಒಂದೇ ಜಾಹೀರಾತು. “ಸುಂದರವಾದ 2 ಬಿಎಚ್‌ಕೆ ಮನೆ, ಒಳ್ಳೆಯ ಏರಿಯಾ, ಎಲ್ಲಾ ಸೌಲಭ್ಯ ಇದೆ, ಬಾಡಿಗೆಗಾಗಿ ಕರೆ ಮಾಡಿ.” ಕೆಳಗೆ ನಾಲ್ಕು ಫೋಟೋ. ಎರಡು ಹಾಲ್‌ದು, ಒಂದು ಗೇಟ್‌ದು, ಒಂದು ಅಡಿಗೆ ಕಟ್ಟೆಯದು. ಇದನ್ನು ಓದಿದವರಿಗೆ ಏನು ಗೊತ್ತಾಯಿತು? ಬಾಡಿಗೆ ಗೊತ್ತಾಗಲಿಲ್ಲ. ಮೇಲಿನ ಮನೆಯೋ ಕೆಳಗಿನ ಮನೆಯೋ ಗೊತ್ತಾಗಲಿಲ್ಲ. ನೀರು ಹೇಗೆ ಬರುತ್ತದೆ ಗೊತ್ತಾಗಲಿಲ್ಲ. ನಾನೂ ಮೂರು ವರ್ಷ ಹೀಗೇ ಬರೆದೆ. ಅದಕ್ಕೇ ಈ ಮಾತು ಹೇಳುವ ಹಕ್ಕು ನನಗಿದೆ ಅನಿಸುತ್ತದೆ.

ಎರಡು ವರ್ಷದ ಹಿಂದೆ, ಮೇ ತಿಂಗಳು. ಜಮಖಂಡಿಯಿಂದ ಒಬ್ಬರು ಫೋನ್ ಮಾಡಿದರು. ಅವರಿಗೆ ಇಲ್ಲಿಗೆ ವರ್ಗ ಆಗಿತ್ತು. “ಬಾಡಿಗೆ ಎಷ್ಟು ರೀ?” ಅಂದರು. “ಮೊದಲು ಮನೆ ನೋಡಿ, ಬಾಡಿಗೆ ಆಮೇಲೆ ಮಾತಾಡೋಣ” ಅಂದೆ. ನಾವೆಲ್ಲ ಹೇಳುವುದು ಇದನ್ನೇ ಅಲ್ವಾ? ಅವರು ಹೆಂಡತಿ, ಮಗ, ವಯಸ್ಸಾದ ತಾಯಿ ಎಲ್ಲರನ್ನೂ ಕರೆದುಕೊಂಡು ಬಸ್ ಹತ್ತಿ ಬಂದರು. ಮಧ್ಯಾಹ್ನ ಹನ್ನೆರಡರ ಬಿಸಿಲು, ನಮ್ಮ ಕಡೆಯ ಮೇ ತಿಂಗಳ ಬಿಸಿಲು ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಆ ತಾಯಿ ನಮ್ಮ ಮನೆಯ ಪಾವಟಿಗೆ ನೋಡಿದರು. ಇಪ್ಪತ್ತೆರಡು ಪಾವಟಿಗೆ. ಮೊದಲನೆಯದರ ಮೇಲೇ ಕುಳಿತುಬಿಟ್ಟರು. ಮೊಣಕಾಲು ನೋವು. “ಮೇಲಿನ ಮನೆ ಅಂತ ಮೊದಲೇ ಹೇಳಿದ್ದರೆ ನಾವು ಬರುತ್ತಿರಲಿಲ್ಲ ತಂಗಿ” ಅಂದರು. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನನಗೆ ಇಷ್ಟು ನೆನಪು ಉಳಿಯುತ್ತಿರಲಿಲ್ಲವೇನೋ. ಆಮೇಲೆ ಬಾಡಿಗೆ ಹೇಳಿದೆ, 7,500. ಅವರು ಮನಸ್ಸಿನಲ್ಲಿ ಇಟ್ಟುಕೊಂಡಿದ್ದು 6,000. ಅವ್ವ ಮಜ್ಜಿಗೆ ಕೊಟ್ಟಳು. ಕುಡಿದು ಮತ್ತೆ ಬಸ್ ಸ್ಟ್ಯಾಂಡಿಗೆ ಹೋದರು. ಮೂರು ದೊಡ್ಡವರು, ಒಂದು ಹುಡುಗನ ಬಸ್ ಚಾರ್ಜ್, ಒಂದು ದಿನದ ರಜೆ, ಆ ಬಿಸಿಲು. ನಾನು ಎರಡು ಸಾಲು ಬರೆದಿದ್ದರೆ ಇದೆಲ್ಲ ಉಳಿಯುತ್ತಿತ್ತು.

ನಾವು ಬಾಡಿಗೆ ಯಾಕೆ ಬರೆಯುವುದಿಲ್ಲ? ಈ ಪ್ರಶ್ನೆಗೆ ನಿಜವಾದ ಉತ್ತರ ಕೊಡೋಣ. ಬಂದವರ ಮುಖ ನೋಡಿ ಹೇಳಬೇಕು ಅಂತ. ಗಂಡ ಹೆಂಡತಿ ಇಬ್ಬರೂ ಸರ್ಕಾರಿ ನೌಕರಿ ಅಂದರೆ 8,500. ಸಣ್ಣ ಅಂಗಡಿಯವರು ಅಂದರೆ 7,500. ಹುಡುಗರು ಅಂದರೆ ತಲೆಗೆ ಇಷ್ಟು. ನಾನೂ ಹಾಗೆ ಮಾಡಿದ್ದೇನೆ. ಅದು ತಪ್ಪು. ಮನೆ ಅದೇ, ಗೋಡೆ ಅದೇ, ನೀರು ಅದೇ, ಬಂದವರ ಸಂಬಳ ನೋಡಿ ಬಾಡಿಗೆ ಬದಲಾಗಬಾರದು. ಇನ್ನೊಂದು ಕಾರಣವೂ ಇದೆ. ಪಕ್ಕದ ಮನೆಯವರಿಗೆ ನಮ್ಮ ಆದಾಯ ಗೊತ್ತಾಗಬಾರದು ಅಂತ. ಆದರೆ ಅವರಿಗೆ ಹೇಗಿದ್ದರೂ ಗೊತ್ತಿರುತ್ತದೆ ರೀ. ನಮ್ಮ ಬಾಡಿಗೆಯವರು ಅದೇ ನಳದ ಹತ್ತಿರ ನಿಂತು ಮಾತಾಡುತ್ತಾರೆ.

ಹೋದ ವರ್ಷ ನಾನು ಬದಲಾಯಿಸಿದೆ. ಮೊದಲ ಸಾಲಿನಲ್ಲೇ ಬರೆದೆ: ಬಾಡಿಗೆ 7,500, ಅಡ್ವಾನ್ಸ್ 15,000, ಮೊದಲನೇ ಮಹಡಿ, 22 ಪಾವಟಿಗೆ, ಲಿಫ್ಟ್ ಇಲ್ಲ. ಹಿಂದೆಲ್ಲ ವಾರಕ್ಕೆ ನಲವತ್ತು ಕರೆ ಬರುತ್ತಿದ್ದವು, ಅದರಲ್ಲಿ ಮೂವತ್ತು ಕರೆ “ಬಾಡಿಗೆ ಎಷ್ಟು?” ಅನ್ನುವಲ್ಲಿಗೇ ಮುಗಿಯುತ್ತಿದ್ದವು. ಈ ಸಲ ಬಂದದ್ದು ಹದಿಮೂರು ಕರೆ. ಐದು ಮಂದಿ ಬಂದು ನೋಡಿದರು. ಒಂಬತ್ತನೇ ದಿನಕ್ಕೆ ಮನೆ ಹೋಯಿತು. ಇದು ನನಗೆ ಎಷ್ಟು ದೊಡ್ಡದು ಅಂತ ಬಾಡಿಗೆ ಕೊಡುವವರಿಗೇ ಗೊತ್ತು. ಮೇ ತಿಂಗಳಲ್ಲಿ ಹೋಗದಿದ್ದರೆ ಜೂನ್‌ನಲ್ಲಿ ಶಾಲೆ ಶುರುವಾಗುತ್ತದೆ, ಅದರ ಬೆನ್ನಿಗೇ ಆಷಾಢ. ಆಷಾಢದಲ್ಲಿ ಮನೆ ಬದಲಿಸಲು ಜನ ಒಪ್ಪುವುದಿಲ್ಲ. ಶ್ರಾವಣದವರೆಗೆ ಬೀಗ ಹಾಕಿಕೊಂಡು ಕೂರಬೇಕು.

ಅಡ್ವಾನ್ಸ್ ಎರಡು ತಿಂಗಳದ್ದು ಯಾಕೆ ಅಂತ ಕೆಲವರು ಕೇಳಿದರು. 2021ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಠೇವಣಿ ಬೇಡ ಅಂತ ಇದೆ. ಅದು ಮಾದರಿ ಮಾತ್ರ, ರಾಜ್ಯಗಳು ತಮ್ಮ ಕಾನೂನು ಮಾಡಿಕೊಂಡಾಗಲೇ ಅದಕ್ಕೆ ಬಲ. ಆದರೂ ನನಗೆ ಆ ಲೆಕ್ಕ ಸರಿ ಅನಿಸಿತು. ಬಿಟ್ಟು ಹೋಗುವಾಗ ವಾಪಸ್ ಕೊಡಲು ನನ್ನ ಹತ್ತಿರವೂ ಹಣ ಇರಬೇಕಲ್ಲ.

ಇನ್ನು ಮನೆಯ ಕೊರತೆ. ಇದನ್ನು ಜಾಹೀರಾತಿನಲ್ಲಿ ಬರೆಯಿರಿ ಅಂದಾಗ ನಮ್ಮ ಕಾಕಾ ನನ್ನನ್ನು ಬೈದರು. “ಸಂತೆಗೆ ಬಂದವರು ತಮ್ಮ ಬದನೆಕಾಯಿ ಹುಳುಕು ಅಂತ ಕೂಗುತ್ತಾರೇನು?” ಅಂದರು. ಬದನೆಕಾಯಿ ಒಂದು ಹೊತ್ತಿನದು ಕಾಕಾ, ಬಾಡಿಗೆಯವರು ದಿನಾ ಮುಖ ನೋಡುವವರು ಅಂದೆ. ಕೊರತೆ ಮುಚ್ಚಿಟ್ಟು ಕೊಟ್ಟ ಮನೆ ಮೂರನೇ ತಿಂಗಳಿಗೆ ಖಾಲಿಯಾಗುತ್ತದೆ. ಮತ್ತೆ ಸುಣ್ಣ ಬಣ್ಣ, ಮತ್ತೆ ಫೋಟೋ, ಮತ್ತೆ ಕರೆ.

ನಮ್ಮ ಮನೆಯಲ್ಲಿ ನಳದ ನೀರು ದಿನಾ ಬರುವುದಿಲ್ಲ. ಬಂದಾಗ ಕೆಳಗಿನ ತೊಟ್ಟಿಗೆ ತುಂಬಿ ಮೇಲಿನ ಟ್ಯಾಂಕಿಗೆ ಏರಿಸುತ್ತೇವೆ. ಟ್ಯಾಂಕ್ 1,000 ಲೀಟರಿಂದು, ಮೇಲಿನವರಿಗೆ ಬೇರೆ. ಬೋರ್ ನೀರು ಇದೆ, ಆದರೆ ಸವಳು. ಪಾತ್ರೆಯ ಮೇಲೆ ಬಿಳಿ ಕರೆ ಕೂರುತ್ತದೆ, ಬೇಳೆ ಬೇಗ ಬೇಯುವುದಿಲ್ಲ. ಇಷ್ಟನ್ನೂ ಬರೆದೆ. ಪಶ್ಚಿಮದ ಕೋಣೆ ಮಧ್ಯಾಹ್ನ ಮೂರರ ಮೇಲೆ ಕಾಯುತ್ತದೆ, ಮಲಗಲು ಪೂರ್ವದ ಕೋಣೆ ಒಳ್ಳೆಯದು, ಇದನ್ನೂ ಬರೆದೆ. ಅದನ್ನು ಓದಿ ಬಂದ ಒಬ್ಬ ಹೆಣ್ಣುಮಗಳು ಹೇಳಿದ ಮಾತು ಕೇಳಿ: “ನೀರಿನ ಬಗ್ಗೆ ಇಷ್ಟು ಬರೆದಿದ್ದೀರಿ ಅಂದರೆ ಉಳಿದದ್ದನ್ನೂ ಮುಚ್ಚಿಟ್ಟಿಲ್ಲ ಅಂದುಕೊಂಡೆ.” ಈಗ ನಮ್ಮ ಮೇಲಿನ ಮನೆಯಲ್ಲಿ ಇರುವವರು ಅವರೇ.

ಕರೆಂಟ್ ಮೀಟರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಯಾಕೆಂದರೆ 2023ರಲ್ಲಿ ರಾಜ್ಯ ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿ ಬಂದ ಮೇಲೆ ಬಾಡಿಗೆಯವರು ಕೇಳುವ ಮೊದಲ ಮಾತುಗಳಲ್ಲಿ ಇದೂ ಒಂದು. ಈ ಯೋಜನೆ ಬಾಡಿಗೆಯವರಿಗೂ ಇದೆ. ತಿಂಗಳಿಗೆ 200 ಯುನಿಟ್ ಅನ್ನುವುದು ಮೇಲಿನ ಮಿತಿ. ಅದರೊಳಗೆ ಪ್ರತಿ ಮೀಟರಿಗೂ ಹಿಂದಿನ ಬಳಕೆಯ ಸರಾಸರಿ ನೋಡಿ ಬೇರೆ ಬೇರೆ ಮಿತಿ ಹಾಕಿರುತ್ತಾರೆ. 200 ದಾಟಿತು ಅಂದರೆ ದಾಟಿದ ಯುನಿಟ್‌ಗೆ ಮಾತ್ರ ಅಲ್ಲ, ಪೂರ್ತಿ ಬಿಲ್ ಕಟ್ಟಬೇಕು. ಈಗ ಯೋಚನೆ ಮಾಡಿ, ಮೇಲೆ ಕೆಳಗೆ ಎರಡು ಸಂಸಾರಕ್ಕೆ ಒಂದೇ ಮೀಟರ್ ಇದ್ದರೆ ಬೇಸಿಗೆಯಲ್ಲಿ ಫ್ಯಾನು, ಕೂಲರು, ಫ್ರಿಜ್ಜು ಸೇರಿ 200 ದಾಟದೆ ಇರುತ್ತದೆಯೇ? ಆಗ ಎರಡೂ ಮನೆಗೆ ನಷ್ಟ, ಮೇಲಾಗಿ ಪ್ರತಿ ತಿಂಗಳು “ನಿಮ್ಮದು ಎಷ್ಟು, ನಮ್ಮದು ಎಷ್ಟು” ಅಂತ ಜಗಳ. ಬೇರೆ ಮೀಟರ್ ಇದ್ದರೆ ದೊಡ್ಡದಾಗಿ ಬರೆಯಿರಿ. ಇಲ್ಲದಿದ್ದರೆ ಇಲ್ಲ ಅಂತ ಬರೆಯಿರಿ. ಮತ್ತೆ ಹಳೆಯ ಬಾಡಿಗೆಯವರು ಹೋಗುವಾಗ ಆ ಮೀಟರಿಗೆ ಸೇರಿಸಿದ ಅವರ ಆಧಾರ್ ಅನ್ನು ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ತೆಗೆಸಿಬಿಡಿ. ಅದು ಹಾಗೇ ಉಳಿದರೆ ಹೊಸಬರು ತಮ್ಮ ಹೆಸರು ಸೇರಿಸಲು ಓಡಾಡಬೇಕಾಗುತ್ತದೆ. ಹೆಸ್ಕಾಂ ಬಿಲ್ ಮೇಲಿನ ಆರ್‌.ಆರ್‌. ನಂಬರ್ (ಕರೆಂಟ್ ಸಂಪರ್ಕದ ನಂಬರ್), ಬಾಡಿಗೆ ಕರಾರು ಪತ್ರ, ಎರಡನ್ನೂ ಅವರ ಕೈಗೆ ನಾವೇ ಕೊಡಬೇಕು. ಕರಾರು ಪತ್ರ ಮಾಡಿಕೊಡಲು ಹಿಂದೆ ಮುಂದೆ ನೋಡುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಹಾಗೆ ಮಾಡಬೇಡಿ ರೀ. ಅದು ಇಬ್ಬರಿಗೂ ರಕ್ಷಣೆ.

ಫೋಟೋ ಬೆಳಿಗ್ಗೆ ಹತ್ತರ ಸುಮಾರಿಗೆ ಕಿಟಕಿ ತೆರೆದು ತೆಗೆಯಿರಿ. ಬಚ್ಚಲು, ಸಂಡಾಸ, ಪಾವಟಿಗೆ, ಬೈಕ್ ನಿಲ್ಲಿಸುವ ಜಾಗ ಎಲ್ಲಾ ಇರಲಿ. ಹಾಲ್‌ದು ಒಂದೇ ಸಾಕು.

ಈಗ ಒಂದು ಕಷ್ಟದ ಮಾತು. ಫೋನ್ ಎತ್ತಿದ ತಕ್ಷಣ ನಮ್ಮ ಕಡೆ ಕೇಳುವ ಪ್ರಶ್ನೆ ಇದೆಯಲ್ಲ, “ನೀವು ಯಾವ ಮಂದಿ ರೀ?” ಈಗ ಅದು ಜಾಹೀರಾತಿಗೂ ಬಂದಿದೆ. “ಇಂಥವರಿಗೆ ಮಾತ್ರ” ಅಂತ ನೇರವಾಗಿ ಬರೆಯುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ನಮ್ಮದು ಹಳೇ ಬಾಗಲಕೋಟೆಯ ಮುಳುಗಡೆ ಕುಟುಂಬ. ಆಲಮಟ್ಟಿಯ ಹಿನ್ನೀರಿಗೆ ನಮ್ಮ ಮಣ್ಣಿನ ಮಾಳಿಗೆಯ ಮನೆ ಹೋಯಿತು. ಅಪ್ಪ ನವನಗರಕ್ಕೆ ಬಂದಾಗ ಕೈಯಲ್ಲಿ ಇದ್ದದ್ದು ಒಂದು ಸೆಕ್ಟರ್ ನಂಬರ್, ಒಂದು ಪ್ಲಾಟ್ ನಂಬರ್. ಪಕ್ಕದಲ್ಲಿ ಯಾರು ಬರುತ್ತಾರೆ ಅಂತ ನಾವು ಕೇಳಲಿಲ್ಲ, ನಮ್ಮನ್ನೂ ಯಾರೂ ಕೇಳಲಿಲ್ಲ. ನೀರು ಎಲ್ಲರ ಮನೆಗೂ ಬಂದಿತ್ತು. ಪಕ್ಕದವರು ಅಪ್ಪನಿಗೆ ಪಾಯ ತೋಡಲು ನಿಂತರು, ಅಪ್ಪ ಅವರ ಮನೆಗೆ ಕಲ್ಲು ಹೊತ್ತರು. ಅಂಥ ಊರಿನಲ್ಲಿ ಮನೆ ಕಟ್ಟಿಕೊಂಡು, ಈಗ ಬಾಡಿಗೆಗೆ ಬಂದ ಮನುಷ್ಯನನ್ನು ಗೇಟಿನ ಹೊರಗೆ ನಿಲ್ಲಿಸಿ ಜಾತಿ ಕೇಳುವುದು ನನ್ನಿಂದ ಆಗುವುದಿಲ್ಲ. ಅವ್ವನಿಗೆ ಮೊದಲು ಹಿಂಜರಿಕೆ ಇತ್ತು, ಸುಳ್ಳು ಹೇಳುವುದಿಲ್ಲ. ಈಗ ಮೇಲಿನ ಮನೆಯ ಮಗು ಅವಳ ಹತ್ತಿರವೇ ಊಟ ಮಾಡುತ್ತದೆ. ಕೇಳಲೇಬೇಕಾದ್ದು ಬೇರೆ ಇದೆ. ಎಷ್ಟು ಜನ ಇರುತ್ತೀರಿ, ಎಲ್ಲಿ ಕೆಲಸ, ಎಷ್ಟು ದಿನ ಇರುವ ವಿಚಾರ. ಇಷ್ಟು ಕೇಳಿ.

ನಮ್ಮ ಜಾಹೀರಾತಿಗೆ ಬರುವ ಕರೆಗಳಲ್ಲಿ ಮೋಸದವೂ ಇರುತ್ತವೆ. ನನಗೆ ಬಂದದ್ದು ಹೀಗೆ. ಹಿಂದಿ ಮಾತಾಡುವ ಒಬ್ಬ, ಸೈನ್ಯದಲ್ಲಿದ್ದೇನೆ ಅಂದ. ಐಡಿ ಕಾರ್ಡಿನ ಫೋಟೋ ಕಳಿಸಿದ. ಮನೆ ನೋಡುವುದು ಬೇಡ, ಇವತ್ತೇ ಅಡ್ವಾನ್ಸ್ ಹಾಕುತ್ತೇನೆ ಅಂದ. ನಮ್ಮ ಕಡೆ ಊರೂರಲ್ಲೂ ಸೈನ್ಯದಲ್ಲಿರುವ ಮಕ್ಕಳಿದ್ದಾರೆ, ಆ ಮಾತು ಕೇಳಿದರೆ ನಮಗೆ ನಂಬಿಕೆ ತಾನಾಗಿ ಬರುತ್ತದೆ. ಆ ನಂಬಿಕೆಯನ್ನೇ ಇವರು ಹಿಡಿಯುತ್ತಾರೆ. ಆಮೇಲೆ ಒಂದು ಕ್ಯೂಆರ್ ಕೋಡ್ ಬಂತು. ಇದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ನಿಮಗೆ ಹಣ ಬರುತ್ತದೆ ಅಂದ. ನಾನು ಅಲ್ಲಿಗೇ ಫೋನ್ ಇಟ್ಟೆ. ಯುಪಿಐ ಪಿನ್ ಒತ್ತುವುದು ಹಣ ಕಳಿಸಲು, ಪಡೆಯಲು ಪಿನ್ ಬೇಡ. ಮನೆಯ ಹಿರಿಯರಿಗೆ ಇದನ್ನು ಕೂರಿಸಿಕೊಂಡು ಹೇಳಿ. ಹಣ ಹೋಗೇಬಿಟ್ಟರೆ ನಾಚಿಕೆಪಟ್ಟು ಸುಮ್ನೆ ಕೂರಬೇಡಿ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಅವಕಾಶ ಜಾಸ್ತಿ.

ಮೋಸ ನಮ್ಮ ಫೋಟೋ ಹಿಡಿದು ಬೇರೆಯವರಿಗೂ ಆಗುತ್ತದೆ. ಖಾಲಿ ಮನೆಯ ಫೋಟೋ ಕದ್ದು, ಕಡಿಮೆ ಬಾಡಿಗೆ ಬರೆದು, ಟೋಕನ್ ಹಣ ಕೇಳುತ್ತಾರೆ. ಅದಕ್ಕೇ ಮನೆ ಹೋದ ದಿನವೇ ಜಾಹೀರಾತು ತೆಗೆದುಹಾಕಿ. ಗೇಟಿನ ಮೇಲಿನ ಮನೆ ನಂಬರ್ ಫೋಟೋದಲ್ಲಿ ಬರದಂತೆ ನೋಡಿಕೊಳ್ಳಿ. ಸೆಕ್ಟರ್ ಹೇಳಿದರೆ ಸಾಕು, ಪ್ಲಾಟ್ ನಂಬರ್ ಬರುವವರಿಗೆ ಫೋನಿನಲ್ಲಿ ಹೇಳಿ. ಗುರುತಿನ ಚೀಟಿ ಬೇಕಾದರೆ ಆಧಾರ್‌ನ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿ ಕೇಳಿ. ಅವರ ಕಾಗದ ನಮ್ಮ ಫೋನಿನಲ್ಲಿ ಬಿದ್ದಿದ್ದರೆ ಅದೂ ನಮ್ಮ ಜವಾಬ್ದಾರಿ.

ಬಾಡಿಗೆ ಕರಾರನ್ನು ಹನ್ನೊಂದು ತಿಂಗಳಿಗೇ ಯಾಕೆ ಮಾಡುತ್ತಾರೆ ಅಂತ ಕೆಳಗೆ ಕಾಮೆಂಟಿನಲ್ಲಿ ತುಂಬಾ ಜನ ಕೇಳುತ್ತಿರುತ್ತೀರಿ. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕು, ಅದಕ್ಕೇ ಜನ ಹನ್ನೊಂದಕ್ಕೆ ನಿಲ್ಲಿಸುತ್ತಾರೆ. ಅದರ ಬಗ್ಗೆ ಬೇರೆ ವಿಡಿಯೋ ಮಾಡುತ್ತೇನೆ.

ನಮ್ಮ ಮೇಲಿನ ಮನೆಯವರಿಗೆ ಈಗ ವರ್ಗ ಆಗಿದೆ, ಈ ತಿಂಗಳ ಕೊನೆಗೆ ಹೋಗುತ್ತಾರೆ. ಅವ್ವ ಆ ಮಗುವಿನ ಬಗ್ಗೆ ಈಗಲೇ ಕಣ್ಣೀರು ಹಾಕುತ್ತಿದ್ದಾಳೆ. ಭಾನುವಾರ ಹೊಸ ಜಾಹೀರಾತು ಹಾಕಬೇಕು. ಬರೆದಿಟ್ಟಿದ್ದೇನೆ, ಓದುತ್ತೇನೆ, ಬೇಕಾದವರು ಇದೇ ನಮೂನೆ ಬಳಸಿಕೊಳ್ಳಿ:

“ನವನಗರ, ಬಾಗಲಕೋಟೆ. ಬಾಡಿಗೆ 7,500, ಅಡ್ವಾನ್ಸ್ 15,000. ಮೊದಲನೇ ಮಹಡಿ, 22 ಪಾವಟಿಗೆ, ಮೊಣಕಾಲು ನೋವಿದ್ದವರಿಗೆ ಕಷ್ಟ. ಬೇರೆ ಮೀಟರ್, ಹಳೆಯ ಬಾಡಿಗೆಯವರ ಆಧಾರ್ ತೆಗೆಸಿಕೊಡುತ್ತೇವೆ. ನಳದ ನೀರು ದಿನಾ ಇಲ್ಲ, 1,000 ಲೀಟರ್ ಟ್ಯಾಂಕ್ ಇದೆ, ಬೋರ್ ನೀರು ಸವಳು. ಪಶ್ಚಿಮದ ಕೋಣೆ ಬೇಸಿಗೆಯಲ್ಲಿ ಕಾಯುತ್ತದೆ. ಎರಡು ಬೈಕ್ ನಿಲ್ಲಿಸಬಹುದು, ಕಾರಿಗೆ ಜಾಗ ಇಲ್ಲ. ಕರಾರು ಪತ್ರ ಮಾಡಿಕೊಡುತ್ತೇವೆ. ಯಾರು ಬೇಕಾದರೂ ಬಂದು ನೋಡಬಹುದು. ದೂರದಿಂದ ಬರುವವರು ಮೊದಲು ವಿಡಿಯೋ ಕಾಲ್ ಮಾಡಿ, ಪೂರ್ತಿ ಮನೆ ತೋರಿಸುತ್ತೇನೆ.”