ತೀರ್ಪಿನ ಕುರ್ಚಿಯಲ್ಲಿ ಕೈದಿಗಳು

ಕೇಳುಗರೇ, ನಮಸ್ಕಾರ.

ಇವತ್ತು ಒಂದು ಜೈಲಿನ ಕಥೆ ಹೇಳುತ್ತೇನೆ. ಲೆಬನಾನ್ ದೇಶದ ರಾಜಧಾನಿ ಬೈರೂತ್. ಅಲ್ಲಿಂದ ಸ್ವಲ್ಪ ದೂರದಲ್ಲಿ, ಗುಡ್ಡದ ಮೇಲೆ ರೂಮಿಯೆ ಎಂಬ ಜೈಲಿದೆ. ಆ ದೇಶದಲ್ಲೇ ದೊಡ್ಡದು. ಇರಬೇಕಾದದ್ದಕ್ಕಿಂತ ಎಷ್ಟೋ ಜಾಸ್ತಿ ಜನ ಅದರೊಳಗೆ ತುಂಬಿರುತ್ತಾರೆ. ಕೊಲೆ ಮಾಡಿದವರು ಇದ್ದಾರೆ. ಡ್ರಗ್ಸ್ ಕೇಸಿನವರು ಇದ್ದಾರೆ. ವಿಚಾರಣೆಯೇ ಮುಗಿಯದೆ ಸುಮ್ನೆ ಕಾಯುತ್ತಾ ಕೂತವರೂ ಇದ್ದಾರೆ.

ಝೀನಾ ದಕ್ಕಾಶ್ ಆ ದೇಶದ ಒಬ್ಬ ನಟಿ. ಟಿವಿಯ ಹಾಸ್ಯ ಕಾರ್ಯಕ್ರಮದಿಂದ ಮನೆಮಾತಾದವರು. ನಾಟಕವನ್ನೇ ಮನಸ್ಸಿನ ಚಿಕಿತ್ಸೆಗೆ ಬಳಸುವ ವಿದ್ಯೆಯನ್ನೂ ಕಲಿತವರು. 2007ರಲ್ಲಿ ಅವರು ಕಥಾರ್ಸಿಸ್ ಎಂಬ ಸಂಸ್ಥೆ ಕಟ್ಟಿದರು. ರೂಮಿಯೆ ಜೈಲಿನೊಳಗೆ ಕೈದಿಗಳಿಂದ ನಾಟಕ ಮಾಡಿಸುತ್ತೇನೆ ಎಂದು ಹೊರಟರು. ಲೆಬನಾನ್‌ನಲ್ಲಿ ಅದುವರೆಗೆ ಯಾರೂ ಮಾಡದ ಕೆಲಸ ಅದು. ವರ್ಷಕ್ಕೂ ಜಾಸ್ತಿ ಕಾಲ ಅಲೆದಾಡಿದ ಮೇಲೆ ಒಳಗೆ ಹೋಗಲು ದಾರಿಯಾಯಿತು.

ಅವರು ಆರಿಸಿದ ನಾಟಕ ಯಾವುದು ಗೊತ್ತೇ? ಅಮೆರಿಕದ ರೆಜಿನಾಲ್ಡ್ ರೋಸ್ ಬರೆದ ‘ಟ್ವೆಲ್ವ್ ಆ್ಯಂಗ್ರಿ ಮೆನ್’. ತಂದೆಯನ್ನು ಕೊಂದ ಆರೋಪ ಹೊತ್ತ ಒಬ್ಬ ಹುಡುಗ. ಅವನು ತಪ್ಪಿತಸ್ಥನೋ ಅಲ್ಲವೋ ಎಂದು ಜ್ಯೂರಿಯ ಹನ್ನೆರಡು ಜನ, ಅಂದರೆ ತೀರ್ಪು ಹೇಳಲು ಕೋರ್ಟು ಕರೆಸಿದ ಸಾಮಾನ್ಯ ಜನ, ಒಂದು ಕೋಣೆಯಲ್ಲಿ ಕೂತು ತೀರ್ಮಾನಿಸಬೇಕು. ಹೌದು ಎಂದರೆ ಹುಡುಗನಿಗೆ ಸಾವು. ಹನ್ನೊಂದು ಜನ ಹೌದು ಎಂದುಬಿಡುತ್ತಾರೆ. ಒಬ್ಬ ಮಾತ್ರ, ತಡೀರಿ, ಸ್ವಲ್ಪ ಮಾತಾಡೋಣ ಎನ್ನುತ್ತಾನೆ.

ಈ ಆಯ್ಕೆಯ ಬಗ್ಗೆ ನಾನು ಮತ್ತೆ ಮತ್ತೆ ಯೋಚಿಸಿದ್ದೇನೆ. ಕಟಕಟೆಯಲ್ಲಿ ನಿಂತು ತೀರ್ಪು ಕೇಳಿಸಿಕೊಂಡವರೇ ಈಗ ತೀರ್ಪು ಹೇಳುವ ಕುರ್ಚಿಯಲ್ಲಿ ಕೂರಬೇಕು. ಇನ್ನೊಬ್ಬನ ಜೀವ ತಮ್ಮ ಕೈಯಲ್ಲಿದೆ ಎಂದು ತೂಗಿ ನೋಡಬೇಕು. ಇದು ಬರೀ ಪಾಠ ಒಪ್ಪಿಸುವ ಕೆಲಸ ಅಲ್ಲ, ಅಲ್ವಾ?

45 ಕೈದಿಗಳು ಸೇರಿಕೊಂಡರು. ಹದಿನೈದು ತಿಂಗಳು ತಾಲೀಮು ನಡೆಯಿತು. ಅವರಲ್ಲಿ ಕೆಲವರಿಗೆ ಓದು ಬರಹವೇ ಬರುತ್ತಿರಲಿಲ್ಲ. ನಾಟಕದ ನಡುವೆ ಕೈದಿಗಳು ತಮ್ಮದೇ ಮಾತು, ತಮ್ಮದೇ ಹಾಡು, ಕುಣಿತ ಸೇರಿಸಿದರು. ಮಾಡಿದ ತಪ್ಪು, ಮನೆಯವರ ನೆನಪು, ಕಳೆದುಹೋದ ವರ್ಷಗಳು ಎಲ್ಲವೂ ಅದರೊಳಗೆ ಬಂದವು. ಹೀಗೆ ಅದು ‘ಹನ್ನೆರಡು ಸಿಟ್ಟಿನ ಲೆಬನಾನಿಗಳು’ ಆಯಿತು.

ಕೊಲೆ ಮಾಡಿದವನಿಗೆ ನಾಟಕ ಬೇರೆ ಕೇಡು ಎಂದು ಕೇಳುವವರಿದ್ದಾರೆ. ಸತ್ತವರ ಮನೆಯವರ ಸಂಕಟವನ್ನು ಮರೆಯುವಂತಿಲ್ಲ, ಒಪ್ಪುತ್ತೇನೆ. ಆದರೆ ತಾನು ಮಾಡಿದ್ದೇನು ಎಂದು ಬಾಯಿಬಿಟ್ಟು ಹೇಳಲು, ಅದನ್ನು ಹೊತ್ತುಕೊಳ್ಳಲು ಆ ಮನುಷ್ಯನಿಗೊಂದು ಜಾಗ ಬೇಕು. ಕಿಕ್ಕಿರಿದ ಸೆಲ್ಲಿನಲ್ಲಿ ಆ ಜಾಗ ಸಿಗುವುದಿಲ್ಲ. ತಾಲೀಮಿನ ಕೋಣೆಯಲ್ಲಿ ಸಿಕ್ಕಿತು.

2009ರ ಆರಂಭದಲ್ಲಿ ಜೈಲಿನೊಳಗೇ ಪ್ರದರ್ಶನಗಳು ನಡೆದವು. ನೋಡುವವರು ಗೇಟು ದಾಟಿ ಒಳಗೆ ಬರಬೇಕಿತ್ತು. ಅಧಿಕಾರಿಗಳು ಬಂದರು, ನ್ಯಾಯಾಧೀಶರು ಬಂದರು. ಕೈದಿಗಳು ಮಾತಾಡಿದರು, ಅವರು ಕೂತು ಕೇಳಿದರು.

ಇಲ್ಲೊಂದು ಮುಖ್ಯ ವಿಷಯ ಹೇಳಬೇಕು. ಸನ್ನಡತೆ ತೋರಿದ ಕೈದಿಗಳ ಶಿಕ್ಷೆ ಕಡಿಮೆ ಮಾಡುವ ಕಾನೂನು ಲೆಬನಾನ್‌ನಲ್ಲಿ 2002ರಲ್ಲೇ ಆಗಿತ್ತು. 463ನೇ ನಂಬರಿನ ಕಾನೂನು. ಆದರೆ ಅದು ಕಾಗದದಲ್ಲೇ ಮಲಗಿತ್ತು. ಯಾರಿಗೂ ಅದರ ಲಾಭ ಸಿಕ್ಕಿರಲಿಲ್ಲ. ಈ ನಾಟಕ ಆದ ಮೇಲೆ, 2009ರಲ್ಲಿ, ಅದು ಜಾರಿಗೆ ಬಂತು. ಏಳು ವರ್ಷ ಫೈಲಿನಲ್ಲಿದ್ದ ಕಾನೂನನ್ನು ಕೈದಿಗಳೇ ನಾಟಕ ಆಡಿ ಎಬ್ಬಿಸಿದರು. ಇದನ್ನು ಮೊದಲು ತಿಳಿದಾಗ ನನ್ನ ಕಣ್ಣು ತುಂಬಿ ಬಂದಿತ್ತು.

ಆಮೇಲೆ ಝೀನಾ ಬಾಬ್ದಾ ಎಂಬಲ್ಲಿನ ಹೆಂಗಸರ ಜೈಲಿಗೆ ಹೋದರು. 2012ರಲ್ಲಿ ಅಲ್ಲಿನ ಹೆಂಗಸರು ‘ಬಾಬ್ದಾದ ಶಹರಜಾದೆ’ ಆಡಿದರು. ‘ಅರೇಬಿಯನ್ ನೈಟ್ಸ್’ನಲ್ಲಿ ಜೀವ ಉಳಿಸಿಕೊಳ್ಳಲು ರಾತ್ರಿ ರಾತ್ರಿಯೂ ರಾಜನಿಗೆ ಕಥೆ ಹೇಳಿದವಳು ಶಹರಜಾದೆ. ಈ ಹೆಂಗಸರು ಹೇಳಿದ್ದು ತಮ್ಮದೇ ಕಥೆ. ಗಂಡನ ಹೊಡೆತ, ಬಲವಂತದ ಮದುವೆ, ಯಾರೂ ಕೇಳದೆ ಹೋದ ದೂರು. ಮನೆಯೊಳಗಿನ ಹಿಂಸೆಯ ವಿರುದ್ಧ ಲೆಬನಾನ್ ಸಂಸತ್ತು ಕಾನೂನು ಮಾಡಿದ್ದು 2014ರ ಏಪ್ರಿಲ್‌ನಲ್ಲಿ. ಅದಕ್ಕಾಗಿ ಅಲ್ಲಿನ ಮಹಿಳಾ ಸಂಘಟನೆಗಳು ವರ್ಷಗಟ್ಟಲೆ ಹೋರಾಡಿದ್ದವು.

ಈಗ ಮತ್ತೆ ರೂಮಿಯೆಗೆ ಬರೋಣ. 2016ರಲ್ಲಿ ಝೀನಾ ಅಲ್ಲಿ ಇನ್ನೊಂದು ನಾಟಕ ಮಾಡಿಸಿದರು. ಆ ಜೈಲಿನಲ್ಲಿ ಮಾನಸಿಕ ಕಾಯಿಲೆಯ ಕೈದಿಗಳಿಗೆ ಬೇರೆ ಕಟ್ಟಡವೇ ಇದೆ. ಅದಕ್ಕೆ ನೀಲಿ ಕಟ್ಟಡ ಎನ್ನುತ್ತಾರೆ. 1943ರ ದಂಡ ಸಂಹಿತೆ ಅವರನ್ನು ಹುಚ್ಚರು, ಮೈಮೇಲೆ ಬಂದವರು ಎಂದೇ ಕರೆಯುತ್ತದೆ. ಕಾಯಿಲೆ ವಾಸಿಯಾಯಿತು ಎಂದು ರುಜುವಾತಾಗುವವರೆಗೆ ಅವರು ಒಳಗೇ ಇರಬೇಕು. ಆದರೆ ಕೆಲವು ಮಾನಸಿಕ ಕಾಯಿಲೆಗಳನ್ನು ಸಕ್ಕರೆ ಕಾಯಿಲೆಯ ಹಾಗೆ ಹತೋಟಿಯಲ್ಲಿ ಇಟ್ಟುಕೊಳ್ಳಬಹುದು ಅಷ್ಟೆ. ಪೂರ್ತಿ ವಾಸಿಯಾಯಿತು ಎಂದು ಯಾವ ಡಾಕ್ಟರ್ ಬರೆದುಕೊಡುತ್ತಾರೆ?

ಆ ಮನುಷ್ಯರಿಗೆ ವೇದಿಕೆಯ ಮೇಲೆ ನಿಂತು ತಮ್ಮ ಪರವಾಗಿ ಮಾತಾಡುವುದು ಕಷ್ಟ. ಹಾಗಾಗಿ ಜೈಲಿನ ಬೇರೆ ಕೈದಿಗಳು ಅವರ ಪಾತ್ರ ವಹಿಸಿದರು. ತಮಗೇ ಬಿಡುಗಡೆ ಯಾವಾಗ ಎಂದು ಗೊತ್ತಿಲ್ಲದವರು ಪಕ್ಕದ ಕಟ್ಟಡದವರ ಬಿಡುಗಡೆಗಾಗಿ ಡೈಲಾಗ್ ಬಾಯಿಪಾಠ ಮಾಡಿದರು. ಕಾನೂನು ಬದಲಾಯಿಸುವ ಕರಡೂ ಆ ಕೆಲಸದಿಂದಲೇ ಹುಟ್ಟಿಕೊಂಡಿತು.

ನಮಸ್ಕಾರ.